21 ದಿನದಲ್ಲಿ 20 ದಿನ ಮನೆಯಲ್ಲೇ: ಸ್ತನ ಕ್ಯಾನ್ಸರ್ ಚಿಕಿತ್ಸೆಯನ್ನು ಮನೆಯವರ ಜೊತೆ ದಾಟುವುದು ಹೇಗೆ

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಮನೆ ತುಂಬಾ ಜನ, ರೇಷ್ಮೆ ಸಾಕುವ ಒಂದು ಹುಳುಮನೆ, ಎರಡು ಹಸು. ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ನನಗೆ 43 ವರ್ಷ. ನೋವಿರಲಿಲ್ಲ. ನೋವಿಲ್ಲವಲ್ಲ ಅಂತ ಎರಡು ಬೆಳೆ ಗೂಡು ಮಾರುವವರೆಗೆ ಯಾರಿಗೂ ಹೇಳಲಿಲ್ಲ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು. ಈಗ ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ದಿನಕ್ಕೊಂದು ಮಾತ್ರೆ ಉಳಿದಿದೆ.

ಕಾಯಿಲೆ ಗೊತ್ತಾದಾಗ ಮನೆಯವರೆಲ್ಲ ಬೆಂಗಳೂರಿನ ಕಡೆ ನೋಡುತ್ತಿದ್ದರು. ಯಾವ ಆಸ್ಪತ್ರೆ, ಯಾವ ಡಾಕ್ಟರ್, ಎಷ್ಟು ದುಡ್ಡು. ಆದರೆ ಲೆಕ್ಕ ಹಾಕಿ ನೋಡಿ. ನನಗೆ ಕಿಮೋ, ಅಂದರೆ ಡ್ರಿಪ್‌ನಲ್ಲಿ ಕೊಡುವ ಕ್ಯಾನ್ಸರ್ ಔಷಧ, 21 ದಿನಕ್ಕೊಂದು. ಅದರಲ್ಲಿ ಆಸ್ಪತ್ರೆಯಲ್ಲಿ ಇರುತ್ತಿದ್ದದ್ದು ಒಂದು ದಿನ. ಉಳಿದ 20 ದಿನ ಮನೆಯಲ್ಲಿ. ವಾಂತಿ, ಜ್ವರ, ಊಟ ಸೇರದಿರುವುದು, ರಾತ್ರಿಯ ಭಯ ಎಲ್ಲ ಬರುವುದು ಆ 20 ದಿನದಲ್ಲೇ. ಆಗ ಪಕ್ಕದಲ್ಲಿ ಇರುವವರು ಗಂಡ, ಅತ್ತೆ, ಮಕ್ಕಳು. ಅವರಿಗೆ ಏನು ಮಾಡಬೇಕು ಅಂತ ಮೊದಲೇ ಗೊತ್ತಿದ್ದರೆ ಅರ್ಧ ಕಷ್ಟ ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಔಷಧದ ವಿಷಯದಲ್ಲಿ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು.

ಹೆಜ್ಜೆ 1: ಕಾಯಿಲೆಯ ಹೆಸರು ಹೇಳಿ

ನಮ್ಮ ಕಡೆ ಯಾರೂ ಕ್ಯಾನ್ಸರ್ ಅನ್ನುವುದಿಲ್ಲ. ಗಡ್ಡೆ ಅನ್ನುತ್ತಾರೆ, 'ಆ ಕಾಯಿಲೆ' ಅನ್ನುತ್ತಾರೆ. ರಿಪೋರ್ಟ್ ಬಂದರೆ ಗಂಡಸರು ಹೊರಗೆ ನಿಂತು ಮಾತಾಡಿಕೊಂಡು, 'ಅವಳಿಗೆ ಹೇಳಬೇಡಿ' ಅಂತ ತೀರ್ಮಾನ ಮಾಡುತ್ತಾರೆ. ಪ್ರೀತಿಯಿಂದಲೇ ಮಾಡುವುದು, ನಿಜ. ಆದರೆ ಕೂದಲು ಉದುರುವುದು, ಎದೆ ತೆಗೆಯುವುದು ಯಾರಿಗೆ? ಅವಳಿಗೆ. ಗೊತ್ತಿಲ್ಲದೆ ಅವಳು ಹೇಗೆ ಸಿದ್ಧವಾಗುತ್ತಾಳೆ?

ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿ. ಸ್ತನ ಕ್ಯಾನ್ಸರ್ ಬಂದಿದೆ. ಇದಕ್ಕೆ ಚಿಕಿತ್ಸೆ ಇದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಹೆಚ್ಚು ಕಡಿಮೆ ಒಂದು ವರ್ಷ ಹಿಡಿಯಬಹುದು. ಇಷ್ಟು ಸಾಕು. ನಮ್ಮ ಮನೆಯಲ್ಲಿ ಅತ್ತೆಗೆ ತೆಲುಗೇ ಜಾಸ್ತಿ ಅರ್ಥವಾಗುವುದು. ಅವರಿಗೆ ನಾನು ತೆಲುಗಿನಲ್ಲೇ ಇನ್ನೊಂದು ಸಲ ಹೇಳಿದೆ.

ಆಗ ಬರುವ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಂಡಿರಿ. ಇದು ಅಂಟುವ ಕಾಯಿಲೆ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಪಕ್ಕದಲ್ಲಿ ಮಲಗಿದರೂ, ಮಗುವನ್ನು ತಬ್ಬಿಕೊಂಡರೂ ಬರುವುದಿಲ್ಲ. ಪಾಪ, ಶಾಪ, ಸರ್ಪದೋಷ ಯಾವುದೂ ಕಾರಣ ಅಲ್ಲ. ಏಟು ಬಿದ್ದಿದ್ದರಿಂದಲೂ ಬರುವುದಿಲ್ಲ. 'ಮಗುವಿಗೆ ಸರಿಯಾಗಿ ಹಾಲು ಕುಡಿಸಲಿಲ್ಲ, ಅದಕ್ಕೇ' ಅನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಎರಡು ಮಕ್ಕಳಿಗೂ ಎರಡೆರಡು ವರ್ಷ ಹಾಲು ಕೊಟ್ಟವಳು ನಾನು. ಹಾಲು ಕೊಟ್ಟರೆ ಅಪಾಯ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಕೊಟ್ಟವರಿಗೂ ಬರುತ್ತದೆ. ಯಾರ ಮೇಲೂ ತಪ್ಪು ಹೊರಿಸಬೇಡಿ.

ಇನ್ನೊಂದು ಮಾತು ಬಂದೇ ಬರುತ್ತದೆ: 'ಸೂಜಿ ಚುಚ್ಚಿದರೆ ಹರಡಿಬಿಡುತ್ತೆ, ಬಯಾಪ್ಸಿ ಬೇಡ.' ಇದು ಸುಳ್ಳು. ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡುವುದು, ಇಲ್ಲದೆ ಯಾವ ಬಗೆಯ ಕ್ಯಾನ್ಸರ್ ಅಂತ ಗೊತ್ತಾಗುವುದೇ ಇಲ್ಲ. ತೆಗೆದ ಚೂರಿನ ಮೇಲೆ ಇಆರ್, ಪಿಆರ್, ಹರ್-2 ಅಂತ ಮೂರು ಪರೀಕ್ಷೆ ಮಾಡುತ್ತಾರೆ. ಮೊದಲೆರಡು ಗಂಟು ಹಾರ್ಮೋನಿನಿಂದ ಬೆಳೆಯುತ್ತಾ ಅಂತ ನೋಡಲು, ಮೂರನೆಯದು ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇದೆಯಾ ಅಂತ ನೋಡಲು. ಯಾವ ಔಷಧ, ಎಷ್ಟು ದಿನ ಅನ್ನುವುದಕ್ಕೆ ಮುಖ್ಯ ಆಧಾರ ಅದೇ. ಆ ಹಾಳೆಯನ್ನು ಜಮೀನಿನ ಪತ್ರದಷ್ಟು ಜೋಪಾನವಾಗಿಡಿ.

ನಾಟಿ ಔಷಧದ ಬಗ್ಗೆಯೂ ಆ ದಿನವೇ ಮಾತಾಡಿ ಮುಗಿಸಿ. ಲಕ್ಷ್ಮಣ ಫಲದ ಎಲೆಯ ಕಷಾಯ, ಬೇರಿನ ಪುಡಿ, ಒಬ್ಬೊಬ್ಬರು ಒಂದೊಂದು ತರುತ್ತಾರೆ. ಕಿಮೋ ನಡೆಯುವಾಗ ಇಂಥವು ಲಿವರ್‌ಗೆ ಏಟು ಕೊಡಬಹುದು, ಔಷಧದ ಕೆಲಸ ಕೆಡಿಸಬಹುದು. 'ಮೊದಲು ಮೂರು ತಿಂಗಳು ಇದನ್ನು ನೋಡೋಣ, ಆಮೇಲೆ ಆಸ್ಪತ್ರೆ' ಅನ್ನುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಆ ಮೂರು ತಿಂಗಳು ಗಂಟು ಸುಮ್ನೆ ಕೂತಿರುವುದಿಲ್ಲ. ತಂದವರ ಮನಸ್ಸು ನೋಯಿಸದೆ 'ಡಾಕ್ಟರ್ ಹತ್ತಿರ ಕೇಳಿಕೊಂಡು ತಗೋತೀನಿ' ಅನ್ನಿ. ಕೇಳದೆ ಏನನ್ನೂ ಕುಡಿಯಬೇಡಿ.

ಹೆಜ್ಜೆ 2: ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಡಿ

'ಏನಾದರೂ ಬೇಕಾದರೆ ಹೇಳು' ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸುಸ್ತಾಗಿ ಮಲಗಿದವಳು ಯಾರನ್ನು ಕರೆದು ಏನು ಕೇಳುವುದು? ಅದಕ್ಕೆ ಮೊದಲೇ ಹಂಚಿಬಿಡಿ. ನಮ್ಮ ಮನೆಯಲ್ಲಿ ಹೀಗಿತ್ತು. ಗಂಡ ಆಸ್ಪತ್ರೆಗೆ ಜೊತೆಗೆ ಬರುವುದು. ಮೈದುನ ಫೈಲು ಮತ್ತು ದುಡ್ಡಿನ ಲೆಕ್ಕ. ಓರಗಿತ್ತಿ ಅಡುಗೆ, ಜೊತೆಗೆ ನೆಂಟರ ಫೋನು. ಅತ್ತೆ ಹಸು. ಮಗಳು ದಿನಕ್ಕೆರಡು ಸಲ ನನ್ನ ಜ್ವರ ನೋಡಿ ಬರೆದಿಡುವುದು. ಮಗನಿಗೆ ಆಗ 9 ವರ್ಷ. ಅವನಿಗೆ ನನ್ನ ನೀರಿನ ಬಾಟಲಿ ತುಂಬಿಡುವ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಕಾದು ಆರಿಸಿದ ನೀರು ತಂದು ದಿಂಬಿನ ಪಕ್ಕ ಇಡುತ್ತಿದ್ದ. ಚಿಕ್ಕವರಿಗೂ ಒಂದು ಕೆಲಸ ಕೊಡಲೇಬೇಕು. ಕೆಲಸ ಇಲ್ಲದ ಮಗು ಮೂಲೆಯಲ್ಲಿ ಕೂತು ಹೆದರುತ್ತದೆ.

ರೇಷ್ಮೆ ಮನೆಯವರಿಗೆ ಇನ್ನೊಂದು ಲೆಕ್ಕ ಇದೆ. ಹುಳುವಿನ ಬೆಳೆ ಸುಮಾರು 25ರಿಂದ 28 ದಿನ. ಕಿಮೋ 21 ದಿನ. ಕೊನೆಯ ವಾರ, ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡುವ ಹೊತ್ತು, ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಆ ವಾರವೂ ಕಿಮೋ ಆದ ಮೊದಲ ವಾರವೂ ಒಟ್ಟಿಗೆ ಬಂದರೆ ನೋಡಿಕೊಳ್ಳಲು ಒಬ್ಬರೂ ಸಿಗುವುದಿಲ್ಲ. ಎರಡನೇ ಕಿಮೋದಲ್ಲಿ ನಮಗೆ ಹೀಗೇ ಆಯಿತು. ನಾನು ವಾಂತಿ ಮಾಡಿಕೊಂಡು ಮಲಗಿದ್ದರೆ ಎಲ್ಲರೂ ಹುಳುಮನೆಯಲ್ಲಿದ್ದರು. ಯಾರದೂ ತಪ್ಪಲ್ಲ. ಆಮೇಲೆ ಕ್ಯಾಲೆಂಡರಿನಲ್ಲಿ ಕಿಮೋ ದಿನಾಂಕ ಗುರುತು ಹಾಕಿಕೊಂಡು, ಅದನ್ನು ನೋಡಿ ಹುಳುವಿನ ಮೊಟ್ಟೆ ತಂದೆವು. ಎರಡು ಬೆಳೆ ಕಡಿಮೆ ಮೊಟ್ಟೆಯಲ್ಲೇ ಮಾಡಿದೆವು. ಬೆಳೆ ಆಮೇಲೂ ಬರುತ್ತದೆ.

ಬೆಳೆ ಮುಗಿದ ಮೇಲೆ ಹುಳುಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುತ್ತಾರಲ್ವಾ? ಆ ದಿನ ಹತ್ತಿರ ಹೋಗಬೇಡಿ. ಹುಳುಮನೆ ಮನೆಗೆ ಅಂಟಿಕೊಂಡಿದ್ದರೆ ಅಕ್ಕಪಕ್ಕದವರ ಮನೆಯಲ್ಲಿ ಒಂದು ದಿನ ಇದ್ದುಬಿಡಿ. ಸಗಣಿ ಬಾಚುವುದು, ಕೋಳಿ ಗೂಡು ತೊಳೆಯುವುದು ಕಿಮೋ ಮುಗಿಯುವವರೆಗೆ ಬೇರೆಯವರ ಪಾಲು.

ಹೆಜ್ಜೆ 3: ಕಾಗದ, ದುಡ್ಡು, ಬಸ್ಸು

ಗಾಬರಿಯಲ್ಲಿ ಒಡವೆ ಅಡ ಇಡುವ ಮೊದಲು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಬಗ್ಗೆ ಕೇಳಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಅದಕ್ಕೆ ಮೊದಲು ತಾಲ್ಲೂಕು ಆಸ್ಪತ್ರೆಗೋ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೋ ಹೋಗಿ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಸಹಾಯ ಮಾಡಲು 'ಆರೋಗ್ಯ ಮಿತ್ರ' ಅಂತ ಒಬ್ಬರು ಇರುತ್ತಾರೆ. ಬಿಲ್ ಕೌಂಟರಿಗೆ ಹೋಗುವ ಮೊದಲು ಅವರನ್ನು ಹುಡುಕಿ. ಹರ್-2 ಪಾಸಿಟಿವ್ ಬಂದವರಿಗೆ ಟ್ರಾಸ್ಟುಜುಮಾಬ್ ಅನ್ನುವ ಇಂಜೆಕ್ಷನ್ ಹೆಚ್ಚಾಗಿ ಒಂದು ವರ್ಷ ಬೇಕಾಗುತ್ತದೆ. ಅದು ಯೋಜನೆಯಲ್ಲಿ ಸಿಗುತ್ತದಾ ಅಂತ ಶುರುವಿನಲ್ಲೇ ಕೇಳಿಕೊಳ್ಳಿ.

ಬೆಂಗಳೂರಿನಲ್ಲಿ ಸರ್ಕಾರದ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಅಂದರೆ ಕಿದ್ವಾಯಿ, 1973ರಿಂದ ಇದೆ. ಡೇರಿ ಸರ್ಕಲ್ ಹತ್ತಿರ. ಎಲ್ಲ ಕಿಮೋಗೂ ಅಷ್ಟು ದೂರ ಹೋಗಲೇಬೇಕಾ ಅಂತಲೂ ಒಂದು ಮಾತು ಕೇಳಿ. ರಾಜ್ಯ ಸರ್ಕಾರ 2025ರಲ್ಲಿ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ, ಅಂದರೆ ಅದೇ ದಿನ ಮನೆಗೆ ಕಳಿಸುವ ಕಿಮೋ, ಶುರು ಮಾಡಿದೆ. ಮೊದಲ ಕಿಮೋ ದೊಡ್ಡ ಆಸ್ಪತ್ರೆಯಲ್ಲಿ ಆದ ಮೇಲೆ ಉಳಿದದ್ದು ಹತ್ತಿರದಲ್ಲೇ ಆಗುವ ಹಾಗಿದ್ದರೆ ಮನೆಗೆ ಬೇಗ ಬರಬಹುದು.

ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ರೈಲಿನಲ್ಲಿ ಹೋದರೆ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ಟಿಕೆಟಿನಲ್ಲಿ ರಿಯಾಯಿತಿ ಇದೆ, ಡಾಕ್ಟರ್ ಹತ್ತಿರ ಫಾರ್ಮ್ ಬರೆಸಬೇಕು. ಕಿಮೋ ಆಗಿ ವಾಪಸ್ಸು ಬರುವ ದಿನ ಮಾತ್ರ ಸಾಧ್ಯವಾದರೆ ಕಾರು ಮಾಡಿ. ವಿಜಯಪುರ, ದೇವನಹಳ್ಳಿ ದಾಟಿ ಬರುವ ಆ ದಾರಿ ಹೊಟ್ಟೆ ತೊಳಸುವಾಗ ತುಂಬಾ ಉದ್ದ. ಬಸ್ಸೇ ಆದರೆ ಮಾಸ್ಕ್, ಕಿಟಕಿ ಸೀಟು, ಚೀಲದಲ್ಲಿ ಎರಡು ಪ್ಲಾಸ್ಟಿಕ್ ಕವರ್.

ಹೆಜ್ಜೆ 4: ಆಪರೇಷನ್ ಆದ ಮೇಲಿನ ಕೈ

ಕೆಲವರಿಗೆ ಗಂಟು ಮಾತ್ರ ತೆಗೆಯುತ್ತಾರೆ, ಕೆಲವರಿಗೆ ಪೂರ್ತಿ ಎದೆ. ಗಂಟು ದೊಡ್ಡದಿದ್ದರೆ ಮೊದಲು ಕಿಮೋ ಕೊಟ್ಟು ಆಮೇಲೆ ಆಪರೇಷನ್ ಮಾಡುವುದೂ ಇದೆ. ನನಗೆ ಮೊದಲೇ ಪೂರ್ತಿ ತೆಗೆದರು. ಆಪರೇಷನ್ನಿಗೆ, ಕೆಲವು ಸ್ಕ್ಯಾನಿಗೆ ತಾಳಿ ತೆಗೆಯಬೇಕಾಗುತ್ತದೆ. ಅತ್ತೆ ಅಲ್ಲೇ ಅಳಲು ಶುರು ಮಾಡಿದರು. ನಮ್ಮಮ್ಮ ಅರಿಶಿನದ ಕೊಂಬು ಕಟ್ಟಿದ ದಾರ ತಂದಿದ್ದರು. ನೀವೂ ಒಂದು ಚೀಲದಲ್ಲಿ ಇಟ್ಟುಕೊಂಡಿರಿ. ಸ್ಕ್ಯಾನ್ ಆದರೆ ಅದನ್ನು ಕಟ್ಟಿಕೊಂಡೇ ಒಳಗೆ ಹೋಗಬಹುದು. ಆಪರೇಷನ್ ಆದರೆ ನರ್ಸ್ ಹತ್ತಿರ ಮೊದಲೇ ಕೇಳಿ. ಚಿಕ್ಕ ವಿಷಯ, ಆದರೆ ಎರಡು ಹೆಂಗಸರ ಮನಸ್ಸು ಉಳಿಯಿತು.

ಮನೆಗೆ ಬರುವಾಗ ಪಕ್ಕದಲ್ಲಿ ಒಂದು ನಳಿಗೆ, ಅದರ ತುದಿಗೆ ಡಬ್ಬಿ ಇರುತ್ತದೆ. ಡ್ರೈನ್ ಅನ್ನುತ್ತಾರೆ. ದಿನಾ ಒಂದೇ ಹೊತ್ತಿಗೆ ಎಷ್ಟು ಎಂ.ಎಲ್. ನೀರು ಬಂತು ಅಂತ ಅಳೆದು ಬರೆದಿಡಬೇಕು. ಸಾಮಾನ್ಯವಾಗಿ 24 ಗಂಟೆಗೆ ಸುಮಾರು 30 ಎಂ.ಎಲ್.ಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ. ಈ ಕೆಲಸವನ್ನು ನನ್ನ ಗಂಡ ಮಾಡಿದರು. ಮೊದಲ ದಿನ ಅವರ ಕೈ ನಡುಗುತ್ತಿತ್ತು. ನಾಲ್ಕನೇ ದಿನಕ್ಕೆ ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಗಾಯವನ್ನು ಅವರು ನೋಡಿದ್ದೂ ಹಾಗೆಯೇ, ಒಂದು ಕೆಲಸದ ನೆಪದಲ್ಲಿ. ಆಮೇಲೆ ನಮ್ಮಿಬ್ಬರ ನಡುವೆ ಮುಚ್ಚಿಡುವುದು ಏನೂ ಉಳಿಯಲಿಲ್ಲ.

ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕಡೆಯ ಕೈ ಊದಿಕೊಳ್ಳಬಹುದು, ವರ್ಷಗಳಾದ ಮೇಲೂ. ಆ ಕೈಯಲ್ಲಿ ತುಂಬಿದ ಬಿಂದಿಗೆ ಎತ್ತಬೇಡಿ. ಬಿಪಿ, ರಕ್ತ, ಡ್ರಿಪ್ ಎಲ್ಲ ಆದಷ್ಟು ಇನ್ನೊಂದು ಕೈಗೆ ಅಂತ ಹೇಳಿ. ಬಳೆ ಸಡಿಲವಾಗಿರಲಿ. ಹಬ್ಬಕ್ಕೆ ಬಿಗಿಯಾಗಿ ತೊಡಿಸುವ ಗಾಜಿನ ಬಳೆ ಬೇಡ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗುತ್ತದೆ, ಹಾಗಾಗಿ ಗ್ಲೌಸ್ ಇಲ್ಲದೆ ಆ ಕೆಲಸಕ್ಕೆ ಹೋಗಬೇಡಿ. ಸಣ್ಣ ಗಾಯ ಕೆಂಪಾಗಿ ಬಿಸಿಯಾದರೂ ತೋರಿಸಿ.

ವ್ಯಾಯಾಮ ಬಿಡಬೇಡಿ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಹಲ್ಲಿಯ ಹಾಗೆ ಮೇಲೆ ಮೇಲೆ ಹತ್ತಿಸುವುದು ಅದರಲ್ಲಿ ಮುಖ್ಯ. ಮಗಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಾ ಗೆರೆ ಎಳೆಯುತ್ತಿದ್ದಳು. ಮುಂದೆ ರೇಡಿಯೇಷನ್ನಿಗೆ ಕೈ ತಲೆಯ ಮೇಲೆ ಎತ್ತಿ ಮಲಗಬೇಕಾಗುತ್ತದೆ. ಕೈ ಏಳದಿದ್ದರೆ ಅದೂ ಕಷ್ಟ.

ಬ್ಲೌಸ್ ವಿಷಯ ಯಾರೂ ಹೇಳಿಕೊಡುವುದಿಲ್ಲ. ಗಾಯ ಪೂರ್ತಿ ಒಣಗುವವರೆಗೆ ಮುಂದೆ ಗುಂಡಿ ಇರುವ ಸಡಿಲ ಹತ್ತಿ ಅಂಗಿ. ಆಮೇಲೆ ಒಳಗೆ ಜೇಬು ಹೊಲಿಸಿ ಹತ್ತಿಯ ಪ್ಯಾಡ್ ಇಡಬಹುದು. ಊರಿನ ಟೈಲರ್ ಅಕ್ಕನಿಗೆ ಹೇಳಿದೆ, ಅರ್ಧ ದಿನದಲ್ಲಿ ಮಾಡಿಕೊಟ್ಟರು.

ಹೆಜ್ಜೆ 5: ಕಿಮೋದ 21 ದಿನ

ಎಲ್ಲರಿಗೂ ಒಂದೇ ಔಷಧ ಅಲ್ಲ. ನನಗೆ ಮೊದಲ ನಾಲ್ಕು ಸಲ ಕೆಂಪು ಔಷಧ, ಆಮೇಲಿನ ನಾಲ್ಕು ಬೇರೆ. ಕೆಂಪು ಔಷಧ ಕೊಟ್ಟರೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ರಕ್ತ ಅಲ್ಲ, ಹೆದರಬೇಡಿ. ಮನೆಯವರಿಗೂ ಹೇಳಿಡಿ. ಔಷಧ ಮೂತ್ರ, ವಾಂತಿಯಲ್ಲಿ ಹೊರಗೆ ಬರುತ್ತದೆ, ಅದಕ್ಕೇ ಕಿಮೋ ಆದ ಮೇಲೆ 48 ಗಂಟೆ ಕಕ್ಕಸಿಗೆ ಎರಡು ಸಲ ನೀರು ಹಾಕಿ. ವಾಂತಿ ತೆಗೆಯುವವರು ಗ್ಲೌಸ್ ಹಾಕಿಕೊಳ್ಳಲಿ, ಆ ಬಟ್ಟೆ ಬೇರೆ ಒಗೆಯಲಿ. ಮನೆಯಲ್ಲಿ ಬಸುರಿ ಇದ್ದರೆ ಅವಳು ಈ ಕೆಲಸ ಮಾಡುವುದು ಬೇಡ. ಆದರೆ ಮಕ್ಕಳನ್ನು ದೂರ ಇಡಬೇಕಾಗಿಲ್ಲ. ಪಕ್ಕದಲ್ಲೇ ಮಲಗಿಸಿಕೊಳ್ಳಿ.

ಮೊದಲ ಒಂದೆರಡು ದಿನ ಪರವಾಗಿಲ್ಲ ಅನ್ನಿಸುತ್ತದೆ. ನನಗೆ ಮೂರನೇ ದಿನದಿಂದ ಬೀಳುತ್ತಿತ್ತು. ವಾಂತಿಯ ಮಾತ್ರೆಯನ್ನು ವಾಂತಿ ಬಂದ ಮೇಲೆ ತಗೋಬೇಡಿ, ಬರೆದುಕೊಟ್ಟ ಹೊತ್ತಿಗೇ ತಗೊಳ್ಳಿ. ಅದರಿಂದ ಮಲ ಕಟ್ಟುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ. ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸುತ್ತದೆ. ಓರಗಿತ್ತಿ ಹಿತ್ತಲಿನ ಒಲೆಯಲ್ಲಿ ಅಡುಗೆ ಮಾಡಿ, ಆರಿದ ಮೇಲೆ ಒಳಗೆ ತರುತ್ತಿದ್ದಳು. ಬಾಯಲ್ಲಿ ಕಬ್ಬಿಣದ ರುಚಿ ಇರುತ್ತದೆ. ಹಾಗಿದ್ದಾಗ ತಟ್ಟೆ ತುಂಬಾ ಬಡಿಸಬೇಡಿ. ಎರಡು ಗಂಟೆಗೊಮ್ಮೆ ಒಂದು ಬಟ್ಟಲು.

ನನಗೆ ಸೇರಿದ್ದು ರಾಗಿ ಅಂಬಲಿ, ಮೆತ್ತಗಿನ ಮುದ್ದೆ, ಖಾರ ಕಡಿಮೆ ಮಾಡಿದ ಬಸ್ಸಾರು, ಹಿತಕಿದ ಅವರೆಬೇಳೆ, ಪೂರ್ತಿ ಬೇಯಿಸಿದ ಮೊಟ್ಟೆ. ಮುದ್ದೆ ಅಗಿಯುವ ಕೆಲಸ ಇಲ್ಲ, ಬಾಯಿ ಹುಣ್ಣಾದಾಗ ಅದೇ ಅನ್ನಕ್ಕಿಂತ ಸುಲಭ. ಬಾಯಿ ಹುಣ್ಣಿಗೆ ಉಪ್ಪು ಮತ್ತು ಚಿಟಿಕೆ ಅಡುಗೆ ಸೋಡಾ ಹಾಕಿದ ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ. 'ಕ್ಯಾನ್ಸರ್‌ಗೆ ಮಾಂಸ ತಿನ್ನಬಾರದು, ಹಾಲು ಬೇಡ' ಅಂತ ಪಥ್ಯ ಹೇಳುವವರು ಬರುತ್ತಾರೆ. ಈ ಹೊತ್ತಿನಲ್ಲಿ ದೇಹಕ್ಕೆ ಬೇಕಾಗಿರುವುದೇ ಬೇಳೆ, ಕಾಳು, ಮೊಟ್ಟೆ, ಹಾಲು. ಚೆನ್ನಾಗಿ ಬೆಂದಿರಬೇಕು, ಆಗತಾನೇ ಮಾಡಿದ್ದಾಗಿರಬೇಕು, ಅಷ್ಟೇ. ಹಸಿ ಕೋಸಂಬರಿ, ಸಂತೆಯಲ್ಲಿ ಕತ್ತರಿಸಿಟ್ಟ ಕಲ್ಲಂಗಡಿ, ಪಾನಿಪೂರಿ ಈ ಕೆಲವು ತಿಂಗಳು ಬಿಡಿ.

ಈಗ ಜ್ವರದ ಮಾತು. ಇದನ್ನು ಎರಡು ಸಲ ಓದಿ.

ರೇಷ್ಮೆಯವರಿಗೆ ಜ್ವರ ಅಂದರೆ ಬೇರೆ. ಹುಳು ನಾಲ್ಕು ಸಲ ಜ್ವರಕ್ಕೆ ಹೋಗುತ್ತವೆ, ಅಂದರೆ ಪೊರೆ ಬಿಡಲು ಮಲಗುತ್ತವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸುಮ್ನೆ ಬಿಡಬೇಕು. ತಾನಾಗಿ ಏಳುತ್ತವೆ. ಕಿಮೋ ಆದವರಿಗೆ ಜ್ವರ ಬಂದರೆ ಸುಮ್ನೆ ಬಿಡಲೇಬಾರದು. ಸಾಮಾನ್ಯವಾಗಿ 7ನೇ ದಿನದಿಂದ 14ನೇ ದಿನದವರೆಗೆ ರಕ್ತದ ಬಿಳಿ ಕಣ ತೀರಾ ಕಡಿಮೆಯಾಗಿರುತ್ತದೆ. ಸೋಂಕು ತಡೆಯುವ ಶಕ್ತಿ ಇರುವುದಿಲ್ಲ. ಬೆಳಿಗ್ಗೆ ಬಂದ ಜ್ವರ ಸಂಜೆಗೆ ಪ್ರಾಣಕ್ಕೆ ಬರಬಹುದು.

ಹಣೆ ಮುಟ್ಟಿ ನೋಡುವುದು ಸಾಲದು. ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಮೈ ನಡುಗಿದರೆ, ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಜ್ವರದ ಮಾತ್ರೆ ನುಂಗಿ ಮಲಗಬೇಡಿ. ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹತ್ತಿರದ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108.

ನನಗೆ ಮೂರನೇ ಕಿಮೋ ಆಗಿ 10ನೇ ದಿನ ಜ್ವರ ಬಂತು. ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಚೀಟಿ ಮಾಡಿಸಿ, ಸಾಲಿನಲ್ಲಿ ಕೂರಿ ಅಂದರು. ನಾವು ಕೂತೆವು. ಎರಡು ಗಂಟೆ. 'ಜ್ವರ' ಅಂತ ಅಷ್ಟೇ ಹೇಳಿದ್ದೆವು, ಅವರು ಎಲ್ಲರ ಜ್ವರದ ಹಾಗೆ ತಿಳಿದುಕೊಂಡರು. ಬಾಗಿಲಲ್ಲೇ ಹೇಳಬೇಕಾದ ಮಾತು ಇದು: 'ಕಿಮೋ ಆಗಿ 10 ದಿನ, 101 ಜ್ವರ ಇದೆ, ತಕ್ಷಣ ನೋಡಬೇಕು.' ನನ್ನ ಮಗಳು ಇದನ್ನು ಒಂದು ರಟ್ಟಿನ ಮೇಲೆ ಬರೆದು, ಔಷಧದ ಹೆಸರು, ಕಿಮೋ ದಿನಾಂಕ, ರಕ್ತದ ಗುಂಪು, ಡಾಕ್ಟರ್ ನಂಬರ್ ಸೇರಿಸಿ ಫೈಲಿನ ಮುಂದೆ ಅಂಟಿಸಿದಳು. ಐದನೇ ಕಿಮೋದಲ್ಲಿ ಮತ್ತೆ ಜ್ವರ ಬಂದಾಗ ಆ ರಟ್ಟು ತೋರಿಸಿದೆವು. ತಕ್ಷಣ ಒಳಗೆ ಕರೆದರು.

15ನೇ ದಿನದ ಮೇಲೆ ಮೈ ಹಗುರವಾಗುತ್ತದೆ. ಮುಂದಿನ ಕಿಮೋಗೆ ಇನ್ನೊಂದು ವಾರ ಇರುತ್ತದೆ. ಆ ವಾರವನ್ನು ಮನೆಯವರಿಗೆ ಇಟ್ಟುಕೊಳ್ಳಿ. ಮಗನ ಸ್ಕೂಲಿಗೆ ಹೋಗಿದ್ದು, ಜಗುಲಿಯಲ್ಲಿ ಕೂತು ಎಲ್ಲರೂ ಅವರೆಕಾಯಿ ಬಿಡಿಸಿದ್ದು ಎಲ್ಲ ನನಗೆ ಆ ವಾರಗಳಲ್ಲೇ. ನೋಡಲು ಬರುವವರನ್ನೂ ಆಗಲೇ ಬರಲು ಹೇಳಿ. 7ರಿಂದ 14ನೇ ದಿನದೊಳಗೆ ಕೆಮ್ಮು ನೆಗಡಿ ಇರುವವರು ಯಾರೇ ಆಗಲಿ, ಸ್ವಂತ ಅಣ್ಣನೇ ಆಗಲಿ, ಬಾಗಿಲಿಂದಲೇ ಮಾತಾಡಿಸಿ ಹೋಗಲಿ. ಇದನ್ನು ನೀವು ಹೇಳಬೇಡಿ, ಫೋನ್ ನೋಡಿಕೊಳ್ಳುವವರು ಹೇಳಲಿ.

ಹೆಜ್ಜೆ 6: ಕೂದಲು ಮತ್ತು ಮಕ್ಕಳು

ಮೊದಲ ಕಿಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ಹಿಡಿ ಹಿಡಿಯಾಗಿ ಬರುತ್ತದೆ. ಎಲ್ಲ ಕಿಮೋಗೂ ಹೀಗಾಗುವುದಿಲ್ಲ, ಆದರೆ ಸ್ತನ ಕ್ಯಾನ್ಸರಿಗೆ ಕೊಡುವ ಹೆಚ್ಚಿನವುಗಳಿಗೆ ಆಗುತ್ತದೆ. ಮುಗಿದ ಮೇಲೆ ಮತ್ತೆ ಬೆಳೆಯುತ್ತದೆ. ಉದುರುವ ಮೊದಲೇ ಚಿಕ್ಕದಾಗಿ ಕತ್ತರಿಸಿಬಿಡುವುದು ಒಳ್ಳೆಯದು. ದಿಂಬಿನ ತುಂಬಾ ಉದ್ದ ಕೂದಲು ನೋಡುವುದು ತಪ್ಪುತ್ತದೆ. ನನ್ನ ಕೂದಲನ್ನು ಮಗಳೇ ಕತ್ತರಿಸಿದಳು, ತುಳಸಿಕಟ್ಟೆ ಮುಂದೆ ಕೂರಿಸಿ. ಇಬ್ಬರೂ ಅತ್ತೆವು. ಅಳುವುದನ್ನು ಮಕ್ಕಳಿಂದ ಬಚ್ಚಿಡಬೇಕು ಅಂತ ನನಗೆ ಅನ್ನಿಸುವುದಿಲ್ಲ. ಬಚ್ಚಿಟ್ಟರೆ ಅವರೂ ಬಚ್ಚಿಡುವುದನ್ನು ಕಲಿಯುತ್ತಾರೆ.

ಬೋಳು ತಲೆ ನೋಡಿದರೆ ನಮ್ಮ ಕಡೆ 'ತಿರುಪತಿಗೆ ಹೋಗಿದ್ರಾ?' ಅಂತಲೇ ಕೇಳುವುದು. ಹೌದು ಅಂದರೂ ತಪ್ಪಿಲ್ಲ, ನಿಜ ಹೇಳಿದರೂ ತಪ್ಪಿಲ್ಲ. ನಾನು ಸುಮಾರು ದಿನ ಹೌದು ಅಂದೆ. ಆಮೇಲೆ ನಿಜ ಹೇಳಲು ಶುರು ಮಾಡಿದೆ. ಹೇಳಿದ ಮೇಲೆ ಇಬ್ಬರು ಹೆಂಗಸರು ಪಕ್ಕಕ್ಕೆ ಕರೆದು, ತಮಗೂ ಗಂಟಿದೆ ಅಂದರು.

ಮಕ್ಕಳಿಗೆ ಮೂರು ಮಾತು ಸ್ಪಷ್ಟವಾಗಿ ಹೇಳಿ: ಇದು ನಿನ್ನಿಂದ ಬಂದಿದ್ದಲ್ಲ. ನಿನಗೆ ಅಂಟುವುದಿಲ್ಲ. ನಿನ್ನನ್ನು ನೋಡಿಕೊಳ್ಳಲು ಯಾವಾಗಲೂ ಯಾರಾದರೂ ಇರುತ್ತಾರೆ. ಸ್ಕೂಲಿನ ಟೀಚರಿಗೂ ತಿಳಿಸಿ. 'ಅಮ್ಮ ಸಾಯ್ತೀಯಾ?' ಅಂತ ನನ್ನ ಮಗ ಕೇಳಿದ. 'ಸಾಯದೆ ಇರಲಿ ಅಂತಲೇ ಇಷ್ಟೆಲ್ಲ ಔಷಧ ತಗೋತಿದ್ದೀನಿ' ಅಂದೆ. ಸುಳ್ಳೂ ಹೇಳಲಿಲ್ಲ, ಹೆದರಿಸಲೂ ಇಲ್ಲ. ಅವನು ಬಾಟಲಿ ತುಂಬಲು ಹೋದ.

ಹೆಜ್ಜೆ 7: ರೇಡಿಯೇಷನ್, ಮನೆ ಬಿಟ್ಟಿರುವ ವಾರಗಳು

ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದವರಿಗೆ ಸಾಮಾನ್ಯವಾಗಿ 15 ಸಲ, ಅಂದರೆ ಮೂರು ವಾರ. ಕೆಲವರಿಗೆ 25 ಸಲ, ಐದು ವಾರ. ವಾರಕ್ಕೆ ಐದು ದಿನ, ಶನಿವಾರ ಭಾನುವಾರ ರಜೆ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ನೋವಿಲ್ಲ. ಆದರೆ ಶಿಡ್ಲಘಟ್ಟದಿಂದ ದಿನಾ ಹೋಗಿ ಬಂದರೆ ದಾರಿಯೇ ಸುಸ್ತು ಮಾಡುತ್ತದೆ. ಬೆಂಗಳೂರಿನಲ್ಲಿ ನೆಂಟರಿದ್ದರೆ ಸಂಕೋಚ ಬಿಟ್ಟು ಕೇಳಿ. ಕಿದ್ವಾಯಿಯಲ್ಲಿ ಧರ್ಮಶಾಲೆ ಇದೆ, ಬೇರೆ ಆಸ್ಪತ್ರೆಗಳಲ್ಲೂ ಸಮಾಜ ಸೇವಾ ವಿಭಾಗದವರನ್ನು ವಿಚಾರಿಸಿ. ನಾನು ಸೋಮವಾರ ಹೋಗಿ ಶುಕ್ರವಾರ ಸಂಜೆ ಊರಿಗೆ ಬರುತ್ತಿದ್ದೆ. ದಿನಾ ರಾತ್ರಿ 8 ಗಂಟೆಗೆ ವಿಡಿಯೋ ಕಾಲ್. ಏನೂ ವಿಷಯ ಇಲ್ಲದಿದ್ದರೂ ಫೋನನ್ನು ಗೋಡೆಗೆ ಒರಗಿಸಿ ಎಲ್ಲರೂ ಊಟ ಮಾಡುತ್ತಿದ್ದರು, ನಾನು ನೋಡುತ್ತಿದ್ದೆ.

ಈ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದ ಕೂಡಲೇ ಮಗುವನ್ನು ಎತ್ತಿಕೊಳ್ಳಬಹುದು. ಮೈಮೇಲೆ ಹಾಕಿದ ಗುರುತನ್ನು ಉಜ್ಜಬೇಡಿ. ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಕಪ್ಪಾಗುತ್ತದೆ. ಅಲ್ಲಿಗೆ ಪೌಡರ್, ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ, ಆಸ್ಪತ್ರೆಯವರು ಹೇಳಿದ್ದು ಮಾತ್ರ.

ಹೆಜ್ಜೆ 8: ಎಲ್ಲ ಮುಗಿಯಿತು ಅಂದ ಮೇಲೆ

ಕೊನೆಯ ರೇಡಿಯೇಷನ್ ಆದ ದಿನ ಮನೆಯಲ್ಲಿ ಹೋಳಿಗೆ ಮಾಡಿದರು. ಮಾರನೇ ದಿನದಿಂದ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ನನಗೆ ಅಳು ಬಂದಿದ್ದು ಆಗಲೇ. ಒಂದು ವರ್ಷ ಡಾಕ್ಟರು, ತಾರೀಕು ಅಂತ ಓಡಿದವಳಿಗೆ ಈಗ ರಾತ್ರಿ ನಿದ್ದೆ ಇಲ್ಲ. ಎಲ್ಲಿ ನೋವಾದರೂ ಮತ್ತೆ ಬಂತಾ ಅಂತ ಭಯ. ಇದು ಬಹಳ ಜನಕ್ಕೆ ಆಗುತ್ತದೆ. ಮನೆಯವರು 'ಈಗ ಎಲ್ಲ ಸರಿಹೋಯ್ತಲ್ಲ' ಅನ್ನಬೇಡಿ, ಪಕ್ಕದಲ್ಲಿ ಕೂತು ಕೇಳಿ. ಎರಡು ವಾರ ಕಳೆದರೂ ಹಾಗೇ ಇದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಗಂಡ ಹೆಂಡತಿಯ ಮಾತನ್ನೂ ಹೇಳಬೇಕು. ಎಷ್ಟೋ ಮನೆಯಲ್ಲಿ ಗಂಡ 'ಅವಳಿಗೆ ನೋವಾದೀತು' ಅಂತ ದೂರ ಮಲಗುತ್ತಾನೆ, ಹೆಂಡತಿ 'ನನ್ನ ಮೈ ನೋಡಿ ಬೇಸರ ಬಂದಿದೆ' ಅಂದುಕೊಳ್ಳುತ್ತಾಳೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಒಬ್ಬರು ಮೊದಲು ಕೇಳಿಬಿಡಿ. ಕಿಮೋ ನಡೆಯುವಾಗ ಮತ್ತು ಆಮೇಲಿನ ದಿನಕ್ಕೊಂದು ಮಾತ್ರೆ ತಗೊಳ್ಳುವಾಗ ಗರ್ಭ ನಿಲ್ಲಬಾರದು. ಮುಟ್ಟು ನಿಂತಿದೆ ಅಂತ ನಂಬಿ ಕೂರಬೇಡಿ. ಗರ್ಭ ತಡೆಯಲು ಹಾರ್ಮೋನಿನ ಗರ್ಭನಿರೋಧಕ ಮಾತ್ರೆ ಬೇಡ, ಬೇರೆ ದಾರಿ ಯಾವುದು ಅಂತ ಡಾಕ್ಟರನ್ನು ಇಬ್ಬರೂ ಸೇರಿ ಕೇಳಿ. ಮುಂದೆ ಮಗು ಬೇಕು ಅನ್ನುವವರು ಈ ಮಾತನ್ನು ಕಿಮೋ ಶುರುವಾಗುವ ಮೊದಲೇ ಎತ್ತಬೇಕು.

ಇಆರ್ ಅಥವಾ ಪಿಆರ್ ಪಾಸಿಟಿವ್ ಇದ್ದವರಿಗೆ ದಿನಕ್ಕೊಂದು ಮಾತ್ರೆ, ಕಡಿಮೆ ಅಂದರೂ 5 ವರ್ಷ, ಕೆಲವರಿಗೆ 10. ನನ್ನದು ಟಮಾಕ್ಸಿಫೆನ್. ಮೈ ಬಿಸಿಯಾಗಿ ಬೆವರುವುದು, ಕೀಲು ನೋವು ಇರುತ್ತದೆ. 'ಚೆನ್ನಾಗೇ ಇದ್ದೀನಲ್ಲ' ಅಂತ ಮಧ್ಯದಲ್ಲಿ ಬಿಡಬೇಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಕ್ಷಣ ತೋರಿಸಿ. ನಾನು ಮಾತ್ರೆಯನ್ನು ಹಲ್ಲುಜ್ಜುವ ಪುಡಿಯ ಪಕ್ಕ ಇಟ್ಟಿದ್ದೇನೆ, ಮರೆಯುವುದಿಲ್ಲ.

ಕೊನೆಗೆ ಅಕ್ಕ ತಂಗಿಯರು, ಹೆಣ್ಣುಮಕ್ಕಳು. ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಇಆರ್, ಪಿಆರ್, ಹರ್-2 ಮೂರೂ ಪರೀಕ್ಷೆ ನೆಗೆಟಿವ್ ಇದ್ದರೆ, ತಾಯಿ ಕಡೆಯಲ್ಲೋ ತಂದೆ ಕಡೆಯಲ್ಲೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರಿದ್ದರೆ, ಕಾಯಿಲೆ ವಂಶದಲ್ಲಿ ಬರುವಂಥದ್ದಾ ಅಂತ ನೋಡುವ ಬಿಆರ್‌ಸಿಎ ಜೀನ್ ಪರೀಕ್ಷೆ ಬೇಕಾ ಅಂತ ಕೇಳಿ. ಮದುವೆಯಾಗದ ಹುಡುಗಿ ಮನೆಯಲ್ಲಿದ್ದರೆ 'ಗೊತ್ತಾದರೆ ಸಂಬಂಧ ಬರಲ್ಲ' ಅಂತ ಮುಚ್ಚಿಡುತ್ತಾರೆ. ಆ ಹುಡುಗಿಗೇ ಗೊತ್ತಿರಬೇಕಾದ ವಿಷಯ ಅಲ್ವಾ ಅದು?

ನನ್ನ ತಂಗಿ ಚಿಂತಾಮಣಿಯಲ್ಲಿದ್ದಾಳೆ. ಕೇಳಿದಾಗ ಅವಳಿಗೂ ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಲು ಡಾಕ್ಟರ್ ಹೇಳಿದರು. ನನಗೆ ಉಳಿದ ಒಂದು ಕಡೆಯದು ಹೇಗೂ ಇದೆ. ಇಬ್ಬರೂ ಒಂದೇ ದಿನ ಇಟ್ಟುಕೊಂಡಿದ್ದೇವೆ, ಸಂಕ್ರಾಂತಿ ಕಳೆದ ಮಾರನೇ ವಾರ. ಬೆಳಗಿನ ಬಸ್ಸಿಗೆ ಹೊರಟು ಸಂಜೆಗೆ ವಾಪಸ್ಸು. ಆ ದಿನ ಕಂಕುಳಿಗೆ ಪೌಡರ್ ಹಾಕಬೇಡಿ, ಫಿಲ್ಮಿನಲ್ಲಿ ಚುಕ್ಕಿಯ ಹಾಗೆ ಕಾಣುತ್ತದೆ. ಹಿಂದಿನ ವರ್ಷದ ಫಿಲ್ಮ್ ಜೊತೆಗೆ ತಗೊಂಡು ಹೋಗಿ, ಡಾಕ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.